ಉಪ್ಪಿನ ಅಡಿಯ ಭೂಕಂಪನ ಚಿತ್ರಣ: ಕಿರ್ಚಾಫ್ ವಿಧಾನವೋ, ರಿವರ್ಸ್ ಟೈಮ್ ಮೈಗ್ರೇಷನ್ನೋ?

ಕೊಡಗಿನ ನೆಲದಡಿ ಇರುವುದು ಪುರಾತನ ನೈಸ್ ಶಿಲೆಗಳೇ ಹೊರತು ಆಳದಿಂದ ಮೇಲಕ್ಕೆ ಉಬ್ಬಿ ನಿಂತ ಉಪ್ಪಿನ ರಾಶಿಗಳಲ್ಲ, ಅಂದರೆ ಉಪ್ಪಿನ ಗುಮ್ಮಟಗಳಲ್ಲ. ಆದರೂ ಮಡಿಕೇರಿ, ವಿರಾಜಪೇಟೆಗಳಿಂದ ಭೂಭೌತ ವಿಜ್ಞಾನ ಓದಲು ಹೊರಟು, ಅಂತಹ ಗುಮ್ಮಟಗಳಿರುವ ಮೆಕ್ಸಿಕೊ ಕೊಲ್ಲಿಯಂತಹ ಪ್ರದೇಶವನ್ನು ಪ್ರಾಜೆಕ್ಟಿಗೆ ಆರಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಒಂದು ಆಯ್ಕೆ ಬೇಗನೆ ಎದುರಾಗುತ್ತದೆ: ನೆಲದೊಳಕ್ಕೆ ಕಳಿಸಿದ ಕಂಪನದ ಅಲೆಗಳು ಪ್ರತಿಫಲಿಸಿ ಮರಳಿದ ದಾಖಲೆಯಿಂದ ಉಪ್ಪಿನ ಅಡಿಯ ಪದರಗಳ ಚಿತ್ರ ಮೂಡಿಸಲು ಕಿರ್ಚಾಫ್ ವಿಧಾನವೋ, ರಿವರ್ಸ್ ಟೈಮ್ ಮೈಗ್ರೇಷನ್ನೋ?

ತೊಡಕಿನ ಮೂಲ ವೇಗದಲ್ಲಿದೆ. ಉಪ್ಪಿನಲ್ಲಿ ಅಲೆಯು ಸೆಕೆಂಡಿಗೆ ಸುಮಾರು 4,500 ಮೀಟರ್ ಸಾಗುತ್ತದೆ. ಸುತ್ತಲಿನ ಎಳೆಯ ಮರಳುಗಲ್ಲು, ಜೇಡಿಗಲ್ಲುಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ನಿಧಾನ. ಹೀಗಾಗಿ ಉಪ್ಪಿನ ಅಂಕುಡೊಂಕಾದ ಮೇಲ್ಮೈಯಲ್ಲಿ ಅಲೆಗಳು ತೀವ್ರವಾಗಿ ಬಾಗಿ, ಅಡಿಯ ಒಂದೇ ಬಿಂದುವನ್ನು ಹಲವು ದಾರಿಗಳಿಂದ ತಲುಪುತ್ತವೆ.

ಕಿರ್ಚಾಫ್ ವಿಧಾನವು ಅಲೆಯನ್ನು ಕಿರಣವೆಂದು ಭಾವಿಸಿ, ಸಾಮಾನ್ಯವಾಗಿ ಆ ದಾರಿಗಳಲ್ಲಿ ಒಂದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಖರ್ಚು ಕಡಿಮೆ. ಉಪ್ಪಿನ ಮೇಲಿನ ಪದರಗಳಿಗೆ, ನೆಲದಡಿ ಎಲ್ಲೆಲ್ಲಿ ಅಲೆಯ ವೇಗ ಎಷ್ಟೆಂದು ತೋರುವ ಮಾದರಿಯನ್ನು ಮತ್ತೆ ಮತ್ತೆ ತಿದ್ದುವ ಹಂತಕ್ಕೆ ಅದೇ ಸಾಕು.

ರಿವರ್ಸ್ ಟೈಮ್ ಮೈಗ್ರೇಷನ್ ಹಾಗಲ್ಲ. ಅದು ಮೂಲದ ಅಲೆಯನ್ನು ಕಾಲದಲ್ಲಿ ಮುಂದಕ್ಕೂ ದಾಖಲಾದ ಅಲೆಯನ್ನು ಹಿಂದಕ್ಕೂ ನಡೆಸಿ, ಎರಡೂ ಹೊಂದುವ ಕಡೆ ಚಿತ್ರ ಮೂಡಿಸುವುದರಿಂದ, ಗುಮ್ಮಟದ ಕಡಿದಾದ ಪಕ್ಕಗಳೂ ಅದರ ಚಾಚಿನ ಕೆಳಗಿನ ಪದರಗಳೂ ಸ್ಪಷ್ಟವಾಗಿ ಕಾಣಬಲ್ಲವು. ಉಪ್ಪಿನ ಅಡಿಯೇ ನಿಮ್ಮ ಗುರಿಯಾದರೆ ನಾನು ಹಿಂಜರಿಯದೆ ಸೂಚಿಸುವುದು ಇದನ್ನೇ. ಆದರೆ ಉಪ್ಪಿನ ತಳದ ಗಡಿಯನ್ನು ತಪ್ಪಾಗಿ ಗುರುತಿಸಿದ್ದರೆ ಇದೂ ಕೈಕೊಡುತ್ತದೆ. ಅಲ್ಲಿ ಫುಲ್ ವೇವ್‌ಫಾರ್ಮ್ ಇನ್ವರ್ಷನ್‌ನಿಂದ, ಅಂದರೆ ಲೆಕ್ಕಹಾಕಿದ ಅಲೆ ದಾಖಲಾದ ಅಲೆಗೆ ಹೊಂದುವವರೆಗೆ ಮಾದರಿಯನ್ನು ತಿದ್ದುವ ವಿಧಾನದಿಂದ, ವೇಗವನ್ನು ಮೊದಲು ಸರಿಪಡಿಸಬೇಕು. ಮೂರು ಆಯಾಮಗಳಲ್ಲಿ ಗರಿಷ್ಠ ಆವರ್ತನವನ್ನು ಇಮ್ಮಡಿಗೊಳಿಸಿದರೆ ಗಣನೆಯ ಹೊರೆ ಸುಮಾರು 16 ಪಟ್ಟಾಗುವುದರಿಂದ, ಕಾಲೇಜಿನ ಕಂಪ್ಯೂಟರನ್ನೇ ನಂಬಿರುವವರು ಎರಡು ಆಯಾಮದ ಸೀಳನ್ನು ಕಡಿಮೆ ಆವರ್ತನದಲ್ಲಿ ಆರಂಭಿಸುವುದು ಒಳ್ಳೆಯದು.