ಕುಡಿತ ಬಿಟ್ಟವರ ನೆನಪಿಗೆ ಅವತಾರದ ನೆರವು: ಕಲಬುರಗಿಯ ಒಂದು ಕೇಂದ್ರದಲ್ಲಿ ಎಂಟು ವಾರ

ಕಲಬುರಗಿಯ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ವಾರಕ್ಕೊಂದರಂತೆ ಎಂಟು ಸಲ ಕುಳಿತು ಬಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಲ್ಲಿ ನನಗೆ ಆದ ತೊಂದರೆಯನ್ನೂ ಹೇಳಬೇಕಾಗಿರುವುದರಿಂದ ಕೇಂದ್ರದ ಹೆಸರನ್ನು ಬರೆಯುವುದಿಲ್ಲ. ಸೇವೆ ಇಷ್ಟು: ನಮ್ಮದೇ ಮುಖ, ನಮ್ಮದೇ ದನಿ ಇರುವ ಒಂದು ಅವತಾರವನ್ನು ಕಂಪ್ಯೂಟರಿನಲ್ಲಿ ತಯಾರಿಸಿ, ನಾವು ಕುಡಿಯುತ್ತಿದ್ದ ದಿನಗಳ ದಾರಿಗಳಲ್ಲಿ, ಜಾಗಗಳಲ್ಲಿ ಅದನ್ನು ನಡೆಸುತ್ತಾರೆ. ಆ ದೃಶ್ಯವನ್ನು ತೋರಿಸುವ ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡ ನಾವು ಅದರ ಜೊತೆಗೆ ಸಾಗುತ್ತ, ಅದು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತ, ಮಸುಕಾದ ದಿನಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳಬೇಕು. ಆಪ್ತಸಮಾಲೋಚಕಿ ಪಕ್ಕದಲ್ಲಿಯೇ ಇರುತ್ತಾರೆ. ಒಂದು ಸಲಕ್ಕೆ 600 ರೂಪಾಯಿ ತೆಗೆದುಕೊಂಡರು.

‘ಅವತಾರ’ ಎಂಬ ಮಾತು ನಮ್ಮ ಮನೆಯಲ್ಲಿ ಹೊಸದೇನಲ್ಲ. ಕುಡಿದು ಅಂಗಿಯ ಗುಂಡಿ ಹರಿದುಕೊಂಡು ಬಂದ ರಾತ್ರಿಗಳಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು “ಏನ್ರಿ ಇದು ನಿಮ್ಮ ಅವತಾರ” ಎನ್ನುತ್ತಿದ್ದಳು. ಕೇಂದ್ರದವರು ಆ ಪದವನ್ನು ಹೇಳಿದಾಗ ಮೊದಲು ನನಗೆ ಕಿವಿಯಲ್ಲಿ ಕೇಳಿಸಿದ್ದು ಆ ದನಿಯೇ.

ನಾನು ಗಂಜಿನ (ಧಾನ್ಯದ ಪೇಟೆ) ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿದ್ದಾಗ ಈ ಸೇವೆಗೆ ಸೇರಿದೆ. ಬಿಟ್ಟದ್ದು ಆಸ್ಪತ್ರೆಯಲ್ಲಿ, ವೈದ್ಯರ ಎದುರಿನಲ್ಲಿ, ಮಾತ್ರೆ ಮತ್ತು ಥಯಮಿನ್ (ವಿಟಮಿನ್ ಬಿ1) ಚುಚ್ಚುಮದ್ದಿನ ನೆರವಿನಿಂದ. ಬಹಳ ವರ್ಷ ಕುಡಿದವರು ಮನೆಯಲ್ಲಿಯೇ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿದಂತಾಗಬಹುದು, ಜೀವಕ್ಕೂ ಅಪಾಯವಾಗಬಹುದು. ಆದ್ದರಿಂದ ಅವತಾರ ಕುಡಿತ ಬಿಡಿಸುತ್ತದೆಂದು ನಂಬಿ ಯಾರೂ ಮೊದಲು ಇಲ್ಲಿಗೆ ಹೋಗಬಾರದು. ಇದು ಬಿಟ್ಟ ನಂತರದ ಕೆಲಸ. ಕೇಂದ್ರದವರೂ ಆಸ್ಪತ್ರೆಯ ಚೀಟಿ ನೋಡಿಯೇ ನನ್ನನ್ನು ಸೇರಿಸಿಕೊಂಡರು, ಫಿಟ್ಸ್ ಬಂದದ್ದುಂಟೇ, ಕಿವಿಯಲ್ಲಿ ಯಾರೋ ಮಾತಾಡಿದಂತೆ ಆಗುತ್ತದೆಯೇ ಎಂದು ಕೇಳಿ ಬರೆದುಕೊಂಡರು. ಆ ಎಚ್ಚರಿಕೆ ನನಗೆ ಮೆಚ್ಚುಗೆಯಾಯಿತು.

ಬಿಟ್ಟ ಮೇಲೆ ನೆನಪಿನ ಗೊಡವೆ ಯಾಕೆ ಎಂದು ನಮ್ಮ ಅಣ್ಣ ಕೇಳಿದ್ದ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಿದೆ. ಹೇಗೆ ಕುಡಿಯುತ್ತಿದ್ದೆ ಎಂದು ಯಾರಾದರೂ ಕೇಳಿದರೆ “ದಿನಾ ಸಂಜೆ ಕುಡಿಯುತ್ತಿದ್ದೆ” ಎಂಬ ಒಂದೇ ಸಾಲು ನನ್ನ ಬಾಯಿಂದ ಬರುತ್ತಿತ್ತು. ಒಂದು ಸೋಮವಾರ, ಒಂದು ತಿರುವು, ಒಂದು ಮುಖ ಎಂದು ಬಿಡಿಸಿ ಹೇಳಲಾಗುತ್ತಿರಲಿಲ್ಲ. ಆದರೆ ಮತ್ತೆ ಕುಡಿಯಬೇಕೆಂಬ ತುಡಿತ ಹುಟ್ಟುವುದು ಅಂಥ ಬಿಡಿ ಸಂಗತಿಗಳಿಂದಲೇ: ಒಂದು ರಸ್ತೆ, ಒಂದು ಹೊತ್ತು, ಒಂದು ವಾಸನೆ. ಯಾವುದರಿಂದ ಹುಟ್ಟುತ್ತದೆಂದು ತಿಳಿಯದವನು ಅದನ್ನು ತಪ್ಪಿಸಿಕೊಳ್ಳುವುದಾದರೂ ಹೇಗೆ?

ಮೊದಲೆರಡು ವಾರ ಏನೂ ಕೂಡಿಬರಲಿಲ್ಲ. ನಾನೇ ಮೊಬೈಲಿನಲ್ಲಿ ತೆಗೆದುಕೊಟ್ಟ ಫೋಟೊಗಳಿಂದ ಗಂಜಿನ ರಸ್ತೆಯನ್ನು ಸಾಕಷ್ಟು ಚೆನ್ನಾಗಿಯೇ ಕಟ್ಟಿದ್ದರು. ಅಡತಿ ಅಂಗಡಿಗಳ ಸಾಲು, ಚೀಲಗಳ ರಾಶಿ, ನಿಂತ ಲಾರಿಗಳು ಎಲ್ಲವೂ ಇದ್ದವು. ಆದರೆ ನನ್ನ ಮುಖವಿದ್ದ ಆ ಅವತಾರ “ನೀವು ಈಗ ಎಲ್ಲಿಗೆ ಹೋಗುತ್ತಿದ್ದೀರಿ? ನಿಮಗೆ ಏನನ್ನಿಸುತ್ತಿದೆ?” ಎಂದು ವಾರ್ತೆ ಓದುವವರ ಕನ್ನಡದಲ್ಲಿ ಕೇಳಿದಾಗ ನಾನೂ ಅದೇ ಕನ್ನಡದಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ, ಪೊಳ್ಳು ಉತ್ತರ ಕೊಡುತ್ತಿದ್ದೆ. ಮೇಲೆ ಬಿಸಿಲು. ಕೋಣೆಯ ಕೂಲರ್ ಹಚ್ಚಿದರೆ ಅದರ ಸದ್ದಿಗೆ ಮೈಕ್ ನನ್ನ ಮಾತನ್ನು ಹಿಡಿಯುತ್ತಿರಲಿಲ್ಲ. ಆರಿಸಿದರೆ ಹೆಡ್‌ಸೆಟ್ಟಿನ ಒಳಗೆ ಬೆವರು ಇಳಿದು ಕಣ್ಣು ಉರಿಯುತ್ತಿತ್ತು.

ಮೂರನೆಯ ವಾರ ಎರಡು ಬದಲಾವಣೆಗಳಾದವು. ಆಪ್ತಸಮಾಲೋಚಕಿ ಸೇಡಂ ಕಡೆಯವರು. ಸಿದ್ಧವಿದ್ದ ಪ್ರಶ್ನೆಗಳನ್ನು ಬದಿಗಿಟ್ಟು ತಾವೇ ನಮ್ಮ ಮಾತಿನಲ್ಲಿ ಪ್ರಶ್ನೆಗಳನ್ನು ಬರೆದು, ತಮ್ಮ ದನಿಯಲ್ಲಿಯೇ ಅವತಾರದ ಬಾಯಿಂದ ಕೇಳಿಸಿದರು. ಇನ್ನೊಂದು ನನ್ನ ಯೋಚನೆ. ಮಿಲ್ಲಿನಿಂದ ಒಂದು ಹಿಡಿ ತೊಗರಿ ಹೊಟ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಕೈಯಲ್ಲಿ ಹಿಡಿದು ಕುಳಿತೆ, ಏಕೆಂದರೆ ಆ ರಸ್ತೆಯಲ್ಲಿ ಎಲ್ಲವೂ ಇದ್ದು ಅದರ ವಾಸನೆ ಮಾತ್ರ ಇರಲಿಲ್ಲ. ನೀರಿನ ಅಡಿಯಲ್ಲಿ ಕಲಿತ ಪದಗಳು ಮುಳುಗುಗಾರರಿಗೆ ನೀರಿನ ಅಡಿಯಲ್ಲಿಯೇ ಹೆಚ್ಚು ನೆನಪಾಗುತ್ತವೆ ಎಂದು ಗಾಡನ್ ಮತ್ತು ಬ್ಯಾಡ್‌ಲಿ ಎಂಬ ಸಂಶೋಧಕರು 1975ರಲ್ಲಿ ವರದಿ ಮಾಡಿದ್ದನ್ನು ಆಪ್ತಸಮಾಲೋಚಕಿ ಆಮೇಲೆ ನನಗೆ ವಿವರಿಸಿದರು. ನನಗೆ ಅಂದು ತಿಳಿದದ್ದು ಆ ಧೂಳಿನ ಘಮಲು ಮೂಗಿಗೆ ಏರಿದ್ದಷ್ಟೇ.

“ಸಂಜಿಗಿ ಗಂಜಿನಿಂದ ಹೊಂಟಾಗ ಕೈಯಾಗ ಏನಿತ್ರಿ?” ಎಂದು ಅವತಾರ ಕೇಳಿತು. “ಡಬ್ಬಿ” ಎಂದೆ. ಹಾಗೆನ್ನುತ್ತಿದ್ದಂತೆಯೇ ಆ ಡಬ್ಬಿ ಕಣ್ಣ ಮುಂದೆ ಬಂದಿತು: ಮೂರು ಅಂಕಣದ ಸ್ಟೀಲ್ ಡಬ್ಬಿ, ಮೇಲೆ ರೊಟ್ಟಿ, ನಡುವೆ ಪಲ್ಯ, ಕೆಳಗಿನದರಲ್ಲಿ ಶೇಂಗಾ ಹಿಂಡಿ. ಮಧ್ಯಾಹ್ನ ಖಾಲಿಯಾದ ಕೆಳಗಿನ ಅಂಕಣದಲ್ಲಿ ನಾನು ಮದ್ಯ ಸುರಿದಿಟ್ಟುಕೊಳ್ಳುತ್ತಿದ್ದೆ. ಮನೆಗೆ ಹೊರಡುವ ಮುನ್ನ ಮಿಲ್ಲಿನ ಹಿಂದಿನ ನಲ್ಲಿಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯುತ್ತಿದ್ದೆ. “ನೀವ್ ಡಬ್ಬಿ ಭಾಳ ಸ್ವಚ್ಛ ತೊಳೀತೀರಿ” ಎಂದು ಹೆಂಡತಿ ಒಮ್ಮೆ ಸಂತೋಷದಿಂದ ಹೇಳಿದ್ದಳು. ಇದಿಷ್ಟೂ ನನ್ನಿಂದ ಪೂರ್ತಿ ಮರೆತು ಹೋಗಿತ್ತು. ಅದೇ ಡಬ್ಬಿಯನ್ನು ನಾನು ಆ ದಿನವೂ ಹೊತ್ತು ತಿರುಗುತ್ತಿದ್ದೆ. ಅದರ ಕ್ಲಿಪ್ ತೆಗೆಯುವಾಗ ನನಗೆ ಬರುತ್ತಿದ್ದ ತಳಮಳಕ್ಕೆ ಕಾರಣ ಸಿಕ್ಕಿದ್ದು ಅಂದು. ಮರುದಿನವೇ ಡಬ್ಬಿ ಬದಲಾಯಿತು. ಮನೆಗೆ ಹೋಗುವ ದಾರಿಯನ್ನೂ ಬದಲಿಸಿದೆ.

ಅಂಥ ನೆನಪು ಬಂದಾಗ ಅದರ ಬೆನ್ನಿಗೆ ತುಡಿತವೂ ಬರುತ್ತದೆ ಎಂಬುದನ್ನು ಹೋಗುವವರು ತಿಳಿದಿರಬೇಕು. ಅಂದು ನನ್ನ ಬಾಯಿ ಒಣಗಿ ಕೈ ಅದುರತೊಡಗಿತ್ತು. ಕೇಂದ್ರದವರು ನನ್ನನ್ನು ಹೊರಗೆ ಬಿಡಲಿಲ್ಲ. ಮಜ್ಜಿಗೆ ಕೊಟ್ಟು, ಹೆಂಡತಿಗೆ ಫೋನ್ ಮಾಡಿ ಕರೆಸಿ, ಅರ್ಧ ಗಂಟೆ ಕೂರಿಸಿಕೊಂಡು, ಅದು ಇಳಿದ ಮೇಲೆಯೇ ಕಳಿಸಿದರು. ರಾತ್ರಿ ಮತ್ತೆ ಬಂದರೆ ಎಂದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆದುಕೊಟ್ಟರು. 2022ರಲ್ಲಿ ಆರಂಭವಾದ ಈ ಸೇವೆ ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಈ ವ್ಯವಸ್ಥೆ ಇಲ್ಲದ ಕಡೆ ಹೆಡ್‌ಸೆಟ್ ಎಷ್ಟೇ ಒಳ್ಳೆಯದಿದ್ದರೂ ಕಟ್ಟಿಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ತೊಂದರೆಯಾದದ್ದು ಐದನೆಯ ವಾರ. ಆ ದಿನ ಆಪ್ತಸಮಾಲೋಚಕಿ ರಜೆಯಲ್ಲಿದ್ದರು. ಯಂತ್ರ ನಡೆಸುವ ಹುಡುಗನೇ ಕುಳಿತಿದ್ದ. ನಾನು ಕೊನೆಯ ಸಲ ಕುಡಿದದ್ದು ಎಳ್ಳ ಅಮಾವಾಸ್ಯೆಯ ದಿನ, ಆಳಂದ ಕಡೆಯ ನಮ್ಮ ಅಣ್ಣನ ಹೊಲದಲ್ಲಿ. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿದ್ದು, ಸಜ್ಜೆ ರೊಟ್ಟಿ, ಭಜ್ಜಿ ಉಂಡದ್ದು, ಜೋಳದ ಬೆಳೆಯ ಮರೆಯಲ್ಲಿ ಬಾಟಲಿ ತೆಗೆದದ್ದು ನೆನಪಿದೆ. ಅಲ್ಲಿಂದ ಮುಂದೆ ಮರುದಿನ ಬೆಳಗಿನವರೆಗೆ ಏನೂ ಇಲ್ಲ. “ನಂತರ ಏನಾಯಿತು?” ಎಂದು ಅವತಾರ ಕೇಳಿತು. ಗೊತ್ತಿಲ್ಲ ಎಂದೆ. ಮತ್ತೆ ಕೇಳಿತು. ಮೂರನೆಯ ಸಲ “ಆಗ ನಿಮ್ಮ ಮಗಳು ಎಲ್ಲಿ ನಿಂತಿದ್ದಳು?” ಎಂದಿತು. ಪರದೆಯ ಮೇಲೆ ಹೊಲದ ಬದುವಿನಲ್ಲಿ ಒಬ್ಬ ಸಣ್ಣ ಹುಡುಗಿ ನಿಂತಳು. ನನಗೆ ಎದೆ ಹಿಂಡಿದಂತಾಯಿತು. ಅವಳು ಅಳುತ್ತಿದ್ದಳು ಎಂದೆ. ನಾನು ಅವಳನ್ನು ತಳ್ಳಿ ಗಾಡಿ ಹತ್ತಿದೆ ಎಂದೆ. ಹೇಳುತ್ತ ಹೋದಂತೆ ಅವಳ ಫ್ರಾಕಿನ ಬಣ್ಣವೂ ಕಾಣಿಸಿತು.

ಮನೆಗೆ ಬಂದು ಮಗಳ ಮುಂದೆ ತಪ್ಪಾಯಿತೆಂದು ಅತ್ತೆ. ಅವಳು ತಿಳಿಯದೆ ನನ್ನ ಮುಖವನ್ನೇ ನೋಡಿದಳು. ಹೆಂಡತಿ ಒಳಗಿನಿಂದ ಬಂದು, “ಅಕಿ ಆವತ್ತ ಹೊಲದಾಗ ಇರ್ಲೇ ಇಲ್ರಿ. ಶಹಾಪುರದಾಗ ನಮ್ಮವ್ವನ ಮನ್ಯಾಗಿದ್ಳು” ಎಂದಳು.

ಅಣ್ಣನಿಗೆ ಫೋನ್ ಮಾಡಿದೆ. ಒಂದು ವರ್ಷ ಅವನು ನನಗೆ ಹೇಳದೆ ಇಟ್ಟುಕೊಂಡಿದ್ದ ಮಾತು ಇದು: “ನೀ ಬನ್ನಿ ಗಿಡದ ಬುಡಕ ಮಕ್ಕೊಂಡಿದ್ದಿ ತಮ್ಮಾ. ಎಬ್ಬಿಸಿದ್ರ ಏಳಲಿಲ್ಲ. ಥಂಡಿ ಭಾಳ ಇತ್ತು. ಕಂಬಳಿ ಹೊಚ್ಚಿ ಬಾಜೂಕ ಕುಂತಿದ್ದೆ.” ಎಷ್ಟು ಹೊತ್ತು ಕುಳಿತಿದ್ದೆ ಎಂದು ಕೇಳಿದರೆ, “ಬೆಳಕ ಹರಿಯೂ ತನಕ” ಎಂದ.

ರಕ್ತದಲ್ಲಿ ಮದ್ಯದ ಪ್ರಮಾಣ ಬೇಗನೆ ಏರಿದಾಗ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪುಗಳನ್ನು ಕೂಡಿಡುವ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಮನುಷ್ಯ ಆಗಲೂ ಮಾತಾಡುತ್ತಿರಬಹುದು, ನಡೆಯುತ್ತಿರಬಹುದು. ಆ ಹೊತ್ತಿನದು ಮರೆತ ನೆನಪಲ್ಲ, ಆಗದೇ ಇದ್ದ ನೆನಪು. ಕಿರ್ದಿ ಪುಸ್ತಕದ ಹಾಳೆ ಕಳೆದಿದ್ದರೆ ಹುಡುಕಬಹುದು. ಬರೆದೇ ಇಲ್ಲದ ಜಮೆಯನ್ನು ಯಾವ ಹಾಳೆಯಲ್ಲಿ ಹುಡುಕುವುದು? ಹುಡುಕಲೇಬೇಕೆಂದು ಒತ್ತಾಯಿಸಿದರೆ ಮನಸ್ಸು ತಾನೇ ಒಂದು ಅಂಕಿಯನ್ನು ಬರೆದು ಕೊಡುತ್ತದೆ. ಪ್ರಶ್ನೆಯಲ್ಲಿ ಒಂದು ಪದ ಬದಲಾದರೂ ಸಾಕ್ಷಿಯ ನೆನಪು ಬದಲಾಗುತ್ತದೆಂದು ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1974ರಲ್ಲಿಯೇ ತೋರಿಸಿದ್ದಾರೆ: ಕಾರು ಅಪಘಾತದ ದೃಶ್ಯ ತೋರಿಸಿ, ಕಾರುಗಳು ಅಪ್ಪಳಿಸಿದವು ಎಂಬ ಬಿರುಸಾದ ಪದ ಬಳಸಿ ಕೇಳಿದಾಗ, ದೃಶ್ಯದಲ್ಲಿ ಇರದಿದ್ದ ಒಡೆದ ಗಾಜನ್ನು ಕಂಡೆವೆಂದು ಹೇಳಿದವರ ಸಂಖ್ಯೆ ಹೆಚ್ಚಾಗಿತ್ತು. ಅಲ್ಲಿ ಬದಲಾದದ್ದು ಒಂದು ಪದ. ನನ್ನೆದುರು ಒಂದು ಹುಡುಗಿಯನ್ನೇ ನಿಲ್ಲಿಸಿದ್ದರು. ಥಯಮಿನ್ ಕೊರತೆಯಿಂದ ನೆನಪು ಕೆಟ್ಟು, ಖಾಲಿ ಜಾಗಗಳನ್ನು ಕಟ್ಟುಕತೆಯಿಂದ ತುಂಬುವ ಕೊರ್ಸಕೋಫ್ ಕಾಯಿಲೆಯವರನ್ನು ಇಂಥ ಯಂತ್ರದ ಮುಂದೆ ಕೂರಿಸುವುದನ್ನು ನೆನೆದರೆ ನನಗೆ ಭಯವಾಗುತ್ತದೆ.

ಹುಡುಗಿ ನಿಂತ ಆ ದೃಶ್ಯವನ್ನು ಅಳಿಸಿಹಾಕಿ ಎಂದು ಬರೆದುಕೊಟ್ಟರೆ, ಅದು ಬೆಂಗಳೂರಿನ ಸರ್ವರಿನಲ್ಲಿದೆ, ನಮ್ಮ ಕೈಯಲ್ಲಿಲ್ಲ ಎಂದರು. ನಾನು ಸಹಿ ಮಾಡಿದ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಚಿಕಿತ್ಸೆಯ ಗುಟ್ಟು ಕಾಪಾಡುವ, ದಾಖಲೆಯನ್ನು ನೋಡುವ ಹಕ್ಕುಗಳು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿವೆ; ವ್ಯಸನವೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಈ ಎರಡನ್ನೂ ಕಾಗದದಲ್ಲಿ ಬರೆದು ಕೊಟ್ಟ ಮೇಲೆ, ಮೂರು ವಾರ ಅಲೆದಾಡಿಸಿ, ಅಳಿಸಿದ್ದೇವೆಂದು ಚೀಟಿ ಕೊಟ್ಟರು. ಕನ್ನಡದ ಒಪ್ಪಿಗೆ ಪತ್ರ ಇಲ್ಲದೆ ಸಹಿ ಮಾಡಬೇಡಿ. ಮನೆಮಾತು ದಖ್ಖನಿ ಉರ್ದು ಆಗಿರುವ ಎಷ್ಟೋ ಕುಟುಂಬಗಳು ಈ ಊರಿನಲ್ಲಿವೆ. ಅವರ ಮಾತಿನಲ್ಲಿ ಪತ್ರವೂ ಇಲ್ಲ, ಪ್ರಶ್ನೆಗಳೂ ಇಲ್ಲ.

ಏಳನೆಯ ವಾರ ಮುಂದಿನ ನನ್ನನ್ನು ತೋರಿಸಿದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬ್ರ್ಯಾಂಡನ್ ಓಬರ್ಲಿನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗದ ಮಾದರಿ ಇದು: ಈಗಿನದಕ್ಕಿಂತ 15 ವರ್ಷ ಹೆಚ್ಚು ವಯಸ್ಸಾದಂತೆ ಕಾಣುವ ನಮ್ಮದೇ ಎರಡು ಅವತಾರಗಳು, ಒಂದು ಚಟ ಬಿಟ್ಟದ್ದು, ಇನ್ನೊಂದು ಚಟದಲ್ಲೇ ಉಳಿದದ್ದು. ಕುಡಿಯುವ ಮುದುಕ ನನ್ನನ್ನು ಅಷ್ಟೇನೂ ಹೆದರಿಸಲಿಲ್ಲ. ಅವನನ್ನು ಕನ್ನಡಿಯಲ್ಲಿ ಮೊದಲೇ ನೋಡಿದ್ದೆ. ಬಿಟ್ಟವನು ಮಾತ್ರ ನರೆತ ಮೀಸೆಯಲ್ಲಿ ಥೇಟ್ ನಮ್ಮ ಅಪ್ಪನಂತೆ ಕಂಡ. ಅವನ ಜೊತೆ ಇನ್ನಷ್ಟು ಹೊತ್ತು ಇರಬೇಕೆನಿಸಿತು.

ಒಟ್ಟಿನಲ್ಲಿ ಈ ಸೇವೆಗೆ ಹೋಗಬಹುದೆಂದೇ ನನ್ನ ಅಭಿಪ್ರಾಯ, ಆದರೆ ಆಪ್ತಸಮಾಲೋಚಕರು ಇಲ್ಲದ ದಿನ ಕೂರಬಾರದು, ಏನೂ ನೆನಪಿಲ್ಲದ ರಾತ್ರಿಗಳನ್ನು ಯಂತ್ರದ ಕೈಗೆ ಕೊಡಬಾರದು. ಅವುಗಳನ್ನು ಕಂಡವರು ಮನೆಯಲ್ಲಿದ್ದಾರೆ. ಎಂಟನೆಯ ವಾರ ಆಪ್ತಸಮಾಲೋಚಕಿ ನನ್ನ ಕೋರಿಕೆಯಂತೆ ಅಣ್ಣನನ್ನು ಕರೆಸಿ ಅವನ ಮಾತನ್ನು ಧ್ವನಿಮುದ್ರಿಸಿದರು. ಹೊಲದ ದೃಶ್ಯದಲ್ಲಿ ಬಾಟಲಿ ತೆಗೆದ ಮೇಲೆ ಪರದೆ ಈಗ ಕಪ್ಪಾಗುತ್ತದೆ. ಅವತಾರ ಏನನ್ನೂ ಕೇಳುವುದಿಲ್ಲ. ಥಂಡಿ ಭಾಳ ಇತ್ತು ಎನ್ನುವ ಅಣ್ಣನ ದನಿ ಆ ಕತ್ತಲಲ್ಲಿ ಕೇಳಿಸುತ್ತದೆ.