ಅಚ್ಚಾದ ವರ್ಷ ಬಿಡಿ, ನೋಡಿ ಬರೆದ ವರ್ಷ ಯಾವುದು ಕೇಳಿ: ಕೆಲವು ಹೊಸ ಮಾಧ್ಯಮ ಪುಸ್ತಕಗಳ ಬಗ್ಗೆ

ಕಳೆದ ಆರೇಳು ತಿಂಗಳಲ್ಲಿ ಮಾಧ್ಯಮ ಅಧ್ಯಯನ ಮತ್ತು ಪತ್ರಿಕೋದ್ಯಮದ ಒಂದಷ್ಟು ಅಕಾಡೆಮಿಕ್ ಪುಸ್ತಕ ಓದಿ ಮುಗಿಸಿದೆ. ಮುಗಿಸಿದೆ ಅಂದರೆ ಎಲ್ಲವನ್ನೂ ಕೊನೆಯ ಪುಟದವರೆಗೆ ಅಂತ ತಿಳಿಯಬೇಡಿ. ಎರಡನ್ನು ಅರ್ಧಕ್ಕೇ ಬಿಟ್ಟೆ, ಒಂದನ್ನು ಎರಡು ಸಲ ಓದಿದೆ. ಕೆಲವು ಕೊಂಡಿದ್ದು, ಕೆಲವು ಲೈಬ್ರರಿಯದು, ಒಂದು ಪುಕ್ಕಟೆ ಇಳಿಸಿಕೊಂಡಿದ್ದು. ಯಾವುದನ್ನು ಕೊಳ್ಳಬಹುದು, ಯಾವುದನ್ನು ಎರವಲು ತಂದರೆ ಸಾಕು ಅಂತ ಆಗಾಗ ಕೇಳುವವರಿದ್ದಾರೆ. ಅವರಿಗಾಗಿ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಪುಸ್ತಕದ ಒಳಪುಟದಲ್ಲಿ ಅಚ್ಚಾದ ವರ್ಷ ನೋಡಿ ಹೊಸದು ಅಂದುಕೊಂಡರೆ ಮೋಸ ಹೋಗುತ್ತೀರಿ. ಬರೆದವರು ಸುದ್ದಿಮನೆಯಲ್ಲಿ ಕೂತು ನೋಡಿದ್ದು ಯಾವಾಗ, ಜನರನ್ನು ಮಾತಾಡಿಸಿದ್ದು ಯಾವಾಗ, ಅದನ್ನು ಹುಡುಕಿ. ಪೀಠಿಕೆಯ ಕೊನೆಗೋ, ಹಿಂದಿನ ಅನುಬಂಧದಲ್ಲೋ ಸಣ್ಣಗೆ ಬರೆದಿರುತ್ತಾರೆ. ಎರಡರ ನಡುವೆ ಐದಾರು ವರ್ಷ ಅಂತರ ಇರುವುದು ಮಾಮೂಲು. ಮೊದಲು ಪಿಎಚ್‌ಡಿ ಪ್ರಬಂಧ ಆಗಬೇಕು, ಅದನ್ನು ಪುಸ್ತಕವಾಗಿ ತಿರುಗಿ ಬರೆಯಬೇಕು, ಹೊರಗಿನ ವಿದ್ವಾಂಸರು ಓದಿ ಅಲ್ಲಿ ತಿದ್ದು ಇಲ್ಲಿ ತಿದ್ದು ಅನ್ನಬೇಕು, ಆಮೇಲೆ ಅಚ್ಚು. ಅಷ್ಟರಲ್ಲಿ ಪುಸ್ತಕದಲ್ಲಿರುವ ವೆಬ್‌ಸೈಟೇ ಮುಚ್ಚಿಹೋಗಿರುತ್ತದೆ.

ಇದು ತಮಾಷೆಗೆ ಹೇಳಿದ ಮಾತಲ್ಲ. ಕೇಟ್ಲಿನ್ ಪೆಟ್ರಿ ಬರೆದ ‘ಆಲ್ ದ ನ್ಯೂಸ್ ದಟ್ಸ್ ಫಿಟ್ ಟು ಕ್ಲಿಕ್’ ಬಂದಿದ್ದು 2021ರಲ್ಲಿ, ಪ್ರಿನ್ಸ್‌ಟನ್ ಯೂನಿವರ್ಸಿಟಿ ಪ್ರೆಸ್‌ನಿಂದ. ನ್ಯೂಯಾರ್ಕ್ ಟೈಮ್ಸ್ ತನ್ನ ಮುಖಪುಟದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹಾಕಿಕೊಂಡು ಬಂದಿರುವ ‘ಆಲ್ ದ ನ್ಯೂಸ್ ದಟ್ಸ್ ಫಿಟ್ ಟು ಪ್ರಿಂಟ್’ (ಅಚ್ಚಿಗೆ ಯೋಗ್ಯವಾದ ಎಲ್ಲ ಸುದ್ದಿ) ಅನ್ನುವ ಘೋಷವಾಕ್ಯವನ್ನು ಸ್ವಲ್ಪ ತಿರುಚಿ ಇಟ್ಟ ಹೆಸರು. ಪುಸ್ತಕದಲ್ಲಿ ಮೂರು ಕಡೆ ಸುತ್ತಾಡುತ್ತಾರೆ: ಓದುಗರ ಸಂಖ್ಯೆ ಎಣಿಸುವ ಚಾರ್ಟ್‌ಬೀಟ್ ಕಂಪನಿ, ಗಾಕರ್ ಎಂಬ ವೆಬ್ ಸಂಸ್ಥೆ, ಮತ್ತೆ ಅದೇ ಟೈಮ್ಸ್. ಗಾಕರ್ 2016ರಲ್ಲೇ ದಿವಾಳಿಯಾಗಿ ಬಾಗಿಲು ಹಾಕಿತು. ಅಂದರೆ ಪುಸ್ತಕ ಕೈಗೆ ಬರುವ ಹೊತ್ತಿಗೆ ಅದರ ಮೂರರಲ್ಲಿ ಒಂದು ಪಾತ್ರ ಸತ್ತು ಐದು ವರ್ಷವಾಗಿತ್ತು. ಇನ್ನೂ ಒಂದು ಗುಟ್ಟು ಹೇಳುತ್ತೇನೆ. ಇದೇ ಅಧ್ಯಯನದ ಮೊದಲ ರೂಪ 2015ರಲ್ಲೇ ಕೊಲಂಬಿಯಾ ಯೂನಿವರ್ಸಿಟಿಯ ಟೋ ಸೆಂಟರ್‌ನಿಂದ ವರದಿಯಾಗಿ ಬಂದಿತ್ತು, ಯಾರು ಬೇಕಾದರೂ ಓದುವ ಹಾಗೆ. ಮುಖ್ಯ ವಿಷಯ ತಿಳಿದರೆ ಸಾಕು ಅನ್ನುವವರಿಗೆ ಅದೇ ಧಾರಾಳ.

ಹಾಗಾದರೆ ಪುಸ್ತಕ ವೇಸ್ಟಾ? ಖಂಡಿತ ಇಲ್ಲ. ನಾನು ಎರಡು ಸಲ ಓದಿದ್ದು ಇದನ್ನೇ.

ನಾನೂ ಸ್ವಲ್ಪ ಕಾಲ ಒಂದು ವೆಬ್ ಡೆಸ್ಕಿನಲ್ಲಿ ಕೂತಿದ್ದವನು. ಎದುರಿಗೆ ಗೋಡೆಯ ಮೇಲೆ ಒಂದು ಪರದೆ. ಅದರಲ್ಲಿ ಗಾಡಿಯ ಸ್ಪೀಡೋಮೀಟರ್ ಥರದ ಒಂದು ಅರ್ಧ ಚಕ್ರ, ಅದರೊಳಗೆ ಒಂದು ಮುಳ್ಳು. ಈ ಕ್ಷಣಕ್ಕೆ ಎಷ್ಟು ಜನ ಓದುತ್ತಿದ್ದಾರೆ ಅಂತ ಅದು ತೋರಿಸುತ್ತದೆ. ಕೆಲಸದ ಮಧ್ಯೆ ಸುಮ್ನೆ ಒಮ್ಮೆ ತಲೆ ಎತ್ತಿ ನೋಡುವುದು, ಮುಳ್ಳು ಬಲಕ್ಕೆ ಸರಿದಿದ್ದರೆ ಒಳಗೊಳಗೇ ಖುಷಿ, ಸರಿದಿಲ್ಲ ಅಂದರೆ ತಲೆಬರಹವನ್ನು ಇನ್ನೊಮ್ಮೆ ತಿದ್ದೋಣವಾ ಅಂತ ಕೈ ಕಡಿತ. ಮನೆಗೆ ಹೋದ ಮೇಲೂ ಮೊಬೈಲಿನಲ್ಲಿ ಅದೇ ಮುಳ್ಳು. ಇದು ನನ್ನೊಬ್ಬನ ಚಪಲ ಅಂತ ನಾನು ಅಂದುಕೊಂಡಿದ್ದೆ. ಪೆಟ್ರಿ ಓದಿದ ಮೇಲೆ ಗೊತ್ತಾಯಿತು, ಅದು ಚಟ ಹತ್ತುವ ಹಾಗೇ ಮಾಡಿಟ್ಟ ಸಾಮಾನು, ಆಟದ ಹಾಗೆ. ಇನ್ನೂ ಜಾಣತನ ಏನು ಗೊತ್ತಾ? ಸಂಪಾದಕರ ವಿವೇಚನೆಯೇ ದೊಡ್ಡದು, ನಮ್ಮ ಅಂಕಿ ಬರೀ ಸಹಾಯಕ್ಕೆ ಅನ್ನುವ ನಯವಿನಯವನ್ನೂ ಚಾರ್ಟ್‌ಬೀಟ್ ಕಂಪನಿ ತನ್ನ ಉತ್ಪನ್ನದ ಜೊತೆಗೇ ಮಾರುತ್ತಿತ್ತು. ಗಾಕರ್‌ನಲ್ಲಿ ಅಂಕಿ ಎಲ್ಲರ ಕಣ್ಣೆದುರು ದೊಡ್ಡ ಪರದೆಯ ಮೇಲೆ ಓಡುತ್ತಿದ್ದರೆ, ಟೈಮ್ಸ್‌ನಲ್ಲಿ ಆಗ ಮೇಲಿನ ಕೆಲವರಿಗೆ ಮಾತ್ರ ತೋರಿಸುತ್ತಿದ್ದರು, ವರದಿಗಾರರಿಗೆ ಕೊಡುತ್ತಿರಲಿಲ್ಲ. ತೋರಿಸುವುದೂ ಆಳುವ ದಾರಿ, ಬಚ್ಚಿಡುವುದೂ ಆಳುವ ದಾರಿ. ಇದನ್ನು ಆಕೆ ಕಾರ್ಮಿಕರ ಪ್ರಶ್ನೆಯಾಗಿ ನೋಡುತ್ತಾರೆ. ಕ್ಲಿಕ್ಕಿನಿಂದ ಗುಣಮಟ್ಟ ಹಾಳಾಯಿತು ಅನ್ನುವ ಹಳೇ ಗೋಳಿಗಿಂತ ಇದು ಎಷ್ಟೋ ಮೇಲು. ಗಾಕರ್ ಇಲ್ಲದಿರಬಹುದು, ಆ ಮುಳ್ಳು ಎಲ್ಲಿಗೂ ಹೋಗಿಲ್ಲವಲ್ಲ.

ಇದರ ಜೊತೆಗೇ ಓದಬೇಕಾದದ್ದು ಆಂಜೆಲ್ ಕ್ರಿಸ್ಟಿನ್ ಅವರ ‘ಮೆಟ್ರಿಕ್ಸ್ ಅಟ್ ವರ್ಕ್’. 2020ರದ್ದು, ಪ್ರಕಾಶಕರು ಅದೇ ಪ್ರಿನ್ಸ್‌ಟನ್. ಈಕೆ ನ್ಯೂಯಾರ್ಕಿನ ಒಂದು ಮತ್ತು ಪ್ಯಾರಿಸ್ಸಿನ ಒಂದು ಸುದ್ದಿಮನೆಯಲ್ಲಿ ಕೂತು ನೋಡಿದ್ದಾರೆ. ನಿಜವಾದ ಹೆಸರು ಕೊಟ್ಟಿಲ್ಲ. ನ್ಯೂಯಾರ್ಕಿನದಕ್ಕೆ ದ ನೋಟ್‌ಬುಕ್, ಪ್ಯಾರಿಸ್ಸಿನದಕ್ಕೆ ಲಾಪ್ಲಾಸ್ ಅಂತ ಇಟ್ಟಿದ್ದಾರೆ. ನೀವು ಏನು ಊಹಿಸುತ್ತೀರಿ? ದುಡ್ಡಿನ ಲೆಕ್ಕದ ನ್ಯೂಯಾರ್ಕಿನವರು ಕ್ಲಿಕ್ಕಿನ ಹಿಂದೆ ಬಿದ್ದಿರುತ್ತಾರೆ, ಬುದ್ಧಿಜೀವಿಗಳ ಪ್ಯಾರಿಸ್ಸಿನವರು ಮೂಗು ಮುರಿಯುತ್ತಾರೆ ಅಂತ ತಾನೇ? ಮೂಗು ಮುರಿಯುವುದು ಹೌದು, ಆದರೆ ಒಳಗಿನ ಕಥೆ ಉಲ್ಟಾ. ನ್ಯೂಯಾರ್ಕಿನಲ್ಲಿ ಅಂಕಿ ನೋಡುವುದು ಸಂಪಾದಕರ ಕೆಲಸ, ಬರೆಯುವವರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ಯಾರಿಸ್ಸಿನಲ್ಲಿ ಎಲ್ಲರೂ ಬೈಯುತ್ತಾರೆ, ಎಲ್ಲರೂ ಕದ್ದು ನೋಡುತ್ತಾರೆ. ಯಾಕೆಂದರೆ ಅವರಿಗೆ ಕ್ಲಿಕ್ ಅಂದರೆ ಸಮಾಜದಲ್ಲಿ ನಮ್ಮ ಮಾತಿಗೆ ಬೆಲೆ ಇದೆಯಾ ಅನ್ನುವ ಲೆಕ್ಕವೂ ಹೌದು. ಒಂದೇ ಯಂತ್ರ, ಎರಡು ಮನೆ, ಎರಡು ಥರದ ಸಂಕಟ. ಬರವಣಿಗೆ ಪೆಟ್ರಿಯಷ್ಟು ಸಲೀಸಿಲ್ಲ. ನಡುವೆ ಸಮಾಜಶಾಸ್ತ್ರದ ಹಳೇ ವಾದಗಳ ಸುತ್ತ ಗಾಣದ ಎತ್ತಿನ ಹಾಗೆ ತಿರುಗುವ ಭಾಗಗಳಿವೆ. ಅಲ್ಲಿ ಪುಟ ಹಾರಿಸಿ, ನಾನೇನೂ ಅಂದುಕೊಳ್ಳಲ್ಲ.

ಇವೆರಡೂ ಸುದ್ದಿ ಬರೆಯುವವರ ಕಡೆಯ ಮಾತಾಯಿತು. ಸುದ್ದಿಯನ್ನೇ ಮುಟ್ಟದವರ ಕಡೆಯಿಂದ ಬರೆದದ್ದು ‘ಅವಾಯ್ಡಿಂಗ್ ದ ನ್ಯೂಸ್’. ಬೆಂಜಮಿನ್ ಟಾಫ್, ರೂತ್ ಪಾಮರ್ ಮತ್ತು ರಾಸ್ಮಸ್ ಕ್ಲೈಸ್ ನೀಲ್ಸನ್ ಮೂವರೂ ಸೇರಿ ಬರೆದದ್ದು, ಕೊಲಂಬಿಯಾ ಯೂನಿವರ್ಸಿಟಿ ಪ್ರೆಸ್, 2023. ಸ್ಪೇನ್, ಬ್ರಿಟನ್, ಅಮೆರಿಕದಲ್ಲಿ ಜನರನ್ನು ಕೂರಿಸಿಕೊಂಡು ಮಾತಾಡಿಸಿದ್ದಾರೆ. ಇಲ್ಲಿ ಒಂದು ವ್ಯತ್ಯಾಸ ಸರಿಯಾಗಿ ಹಿಡಿಯಬೇಕು. ಪತ್ರಿಕೋದ್ಯಮದ ಸಂಶೋಧನೆ ಮಾಡುವ ರಾಯ್ಟರ್ಸ್ ಇನ್‌ಸ್ಟಿಟ್ಯೂಟ್ ವರ್ಷವರ್ಷ ಮಾಡುವ ಸಮೀಕ್ಷೆಯಲ್ಲಿ, ಆಗಾಗ ಸುದ್ದಿಯಿಂದ ತಪ್ಪಿಸಿಕೊಳ್ಳುತ್ತೇವೆ ಅನ್ನುವವರು 2017ರಲ್ಲಿ ಶೇ 29 ಇದ್ದವರು 2022ಕ್ಕೆ ಶೇ 38 ಆದರು. ಅದು ಈವತ್ತು ಬೇಡಪ್ಪ ಅಂತ ಟಿವಿ ಆರಿಸುವವರ ಲೆಕ್ಕ. ನಾನು ನೀವು ಎಲ್ಲ ಅದರಲ್ಲಿ ಬರುತ್ತೇವೆ. ಈ ಪುಸ್ತಕದ್ದು ಬೇರೆ ಗುಂಪು. ಸುದ್ದಿಯ ಸಹವಾಸವೇ ಇಲ್ಲ ಅನ್ನುವಷ್ಟು ದೂರ ಇರುವವರು.

ಇವರನ್ನು ಸೋಮಾರಿಗಳು, ತಿಳಿವಳಿಕೆ ಇಲ್ಲದವರು ಅಂತ ಲೇಖಕರು ಎಲ್ಲೂ ಜರಿಯುವುದಿಲ್ಲ. ನನಗೆ ಹಿಡಿಸಿದ್ದೇ ಅದು. ದಿನವಿಡೀ ದುಡಿದು ಮಕ್ಕಳನ್ನು ನೋಡಿಕೊಂಡು ಸುಸ್ತಾದ ಹೆಂಗಸಿಗೆ ರಾತ್ರಿ ಒಂಬತ್ತಕ್ಕೆ ಎಲ್ಲೋ ನಡೆದ ಕೊಲೆಯ ವಿವರ ಯಾಕೆ ಬೇಕು? ಸುತ್ತಲಿನ ಗೆಳೆಯರು ಯಾರೂ ಸುದ್ದಿ ಮಾತಾಡದಿದ್ದರೆ ಅದನ್ನು ಓದುವ ಅಭ್ಯಾಸವಾದರೂ ಹೇಗೆ ಬಂದೀತು? ಮನೆಯಲ್ಲಿ ಪೇಪರ್ ಬರುತ್ತಿತ್ತಾ, ಅಪ್ಪ ಅಮ್ಮ ಓದುತ್ತಿದ್ದರಾ ಅನ್ನುವ ಸಣ್ಣ ಸಂಗತಿಗಳಿಂದ ಹಿಡಿದು, ಈ ರಾಜಕೀಯ ನಮ್ಮಂಥವರದ್ದಲ್ಲ ಅನ್ನುವ ಭಾವನೆಯವರೆಗೆ ಒಂದೊಂದಾಗಿ ಬಿಡಿಸುತ್ತಾರೆ. ಸುದ್ದಿ ಉದ್ಯಮದಲ್ಲಿ ಇರುವವರಿಗೆ ಓದುವಾಗ ಸ್ವಲ್ಪ ಮುಜುಗರ ಆಗುತ್ತದೆ. ಕೊನೆಯ ಭಾಗದಲ್ಲಿ ಏನು ಮಾಡಬೇಕು ಅಂತ ಕೊಡುವ ಸಲಹೆಗಳು ಮಾತ್ರ ನನಗೆ ಸಪ್ಪೆ ಅನ್ನಿಸಿದವು. ಆದರೂ ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಈ ವಿಷಯ ಕಲಿಯುವವರು, ಕಲಿಸುವವರಷ್ಟೇ ಅಲ್ಲ, ಯಾರು ಬೇಕಾದರೂ ಓದಬಹುದಾದಷ್ಟು ಸರಳ ಭಾಷೆ.

ಈಗ ಎಐ. ಚಾಟ್‌ಜಿಪಿಟಿ ಹೊರಗೆ ಬಂದಿದ್ದು 2022ರ ನವೆಂಬರ್ 30ಕ್ಕೆ. ಅದಾದ ಮೇಲೆ ಬಂದ ಮಾಧ್ಯಮ ಪುಸ್ತಕಗಳಲ್ಲಿ ತಮಾಷೆಯೊಂದು ಕಾಣುತ್ತದೆ. ಪುಸ್ತಕ ಮೊದಲೇ ಬರೆದಾಗಿತ್ತು, ಕೊನೆ ಗಳಿಗೆಯಲ್ಲಿ ಪೀಠಿಕೆಗೆ ಒಂದು ಪ್ಯಾರಾ, ಉಪಸಂಹಾರಕ್ಕೆ ಎರಡು ಪ್ಯಾರಾ ಎಐ ಬಗ್ಗೆ ತುರುಕಿರುತ್ತಾರೆ. ಹಳೇ ಅಂಗಿಗೆ ಹೊಸ ಜೇಬು. ಇಂಥವೇ ನಾನು ಅರ್ಧಕ್ಕೆ ಬಿಟ್ಟ ಎರಡು, ಹೆಸರು ಬೇಡ ಬಿಡಿ. ಇವಕ್ಕಿಂತ ನಿಕೊಲಸ್ ಡಯಾಕೊಪೌಲೊಸ್ ಅವರ ‘ಆಟೊಮೇಟಿಂಗ್ ದ ನ್ಯೂಸ್’ ಎಷ್ಟೋ ವಾಸಿ. ಅದು 2019ರದ್ದು, ಚಾಟ್‌ಜಿಪಿಟಿ ಸುಳಿವೂ ಇಲ್ಲ. ಆದರೆ ಯಂತ್ರ ಸುದ್ದಿ ಬರೆಯುವುದು ಅಂದರೆ ಹಂತಹಂತವಾಗಿ ಏನು, ಎಲ್ಲಿ ಮನುಷ್ಯರ ಕೈ ಬೇಕೇ ಬೇಕು ಅನ್ನುವುದು ಚೆನ್ನಾಗಿ ತಲೆಗೆ ಹತ್ತುತ್ತದೆ.

ಆ ಕಾಲದ ಯಂತ್ರ ಹೇಗಿತ್ತು ಅನ್ನಲು ಲಾಸ್ ಏಂಜಲೀಸ್ ಟೈಮ್ಸ್‌ನ ಕ್ವೇಕ್‌ಬಾಟ್ ನೆನಪಿಸಿಕೊಳ್ಳಿ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಇಲಾಖೆಯ ಸಂದೇಶ ಬಂದ ತಕ್ಷಣ ಮೊದಲೇ ಮಾಡಿಟ್ಟ ವಾಕ್ಯಗಳಲ್ಲಿ ಜಾಗ, ತೀವ್ರತೆ, ಸಮಯ ತುಂಬಿ ಸುದ್ದಿ ಸಿದ್ಧ ಮಾಡುತ್ತಿತ್ತು. 2017ರ ಜೂನ್‌ನಲ್ಲಿ ಅದು ಸಾಂಟಾ ಬಾರ್ಬರಾ ಹತ್ತಿರ 6.8 ತೀವ್ರತೆಯ ಭೂಕಂಪ ಆಯಿತು ಅಂತ ಸುದ್ದಿ ಹಾಕಿಬಿಟ್ಟಿತು. ನಿಜಕ್ಕೂ ಆ ಭೂಕಂಪ ಆಗಿದ್ದು 1925ರಲ್ಲಿ! ಹಳೇ ದಾಖಲೆಯ ಜಾಗ ತಿದ್ದಲು ಹೋದಾಗ ತಪ್ಪಿ ಸಂದೇಶ ಹೊರಟಿತ್ತು, ಅದರ ಮೇಲಿನ ದಿನಾಂಕ 2025. ಎಂಟು ವರ್ಷ ಮುಂದಿನ ದಿನಾಂಕ ನೋಡಿದರೆ ಡೆಸ್ಕಿನಲ್ಲಿ ಹೊಸದಾಗಿ ಸೇರಿದ ಹುಡುಗನೂ ಒಂದು ಗಳಿಗೆ ತಡೆಯುತ್ತಿದ್ದ, ಅಲ್ವಾ? ಈ ಥರದ ಪ್ರಶ್ನೆ ಮನಸ್ಸಲ್ಲಿ ಇಟ್ಟುಕೊಂಡು ಡಯಾಕೊಪೌಲೊಸ್ ಓದಿದರೆ ಇವತ್ತಿನ ಎಐ ಗದ್ದಲವೂ ಅರ್ಧ ಅರ್ಥವಾಗುತ್ತದೆ.

ದಪ್ಪ ದಪ್ಪ ಪಠ್ಯಗಳ ಬಗ್ಗೆ ಬೇಗ ಮುಗಿಸುತ್ತೇನೆ. ಡೆನಿಸ್ ಮೆಕ್‌ವೇಲ್ ಅವರ ಮಾಸ್ ಕಮ್ಯುನಿಕೇಶನ್ ಥಿಯರಿ ಓದದೆ ಈ ವಿಷಯದಲ್ಲಿ ಡಿಗ್ರಿ ದಾಟಿದವರು ಕಡಿಮೆ. 1983ರಲ್ಲಿ ಮೊದಲು ಬಂತು. ಅವರು 2017ರಲ್ಲಿ ತೀರಿಕೊಂಡ ಮೇಲೆ ಮಾರ್ಕ್ ಡೋಯ್ಜ ಕೈಯಾಡಿಸಿ 2020ರಲ್ಲಿ ಏಳನೇ ಆವೃತ್ತಿ ತಂದರು, ಹೆಸರಿಗೆ ‘ಮೀಡಿಯಾ’ ಸೇರಿತು. ಪರೀಕ್ಷೆಗೆ ಬೇಕು, ಪಕ್ಕದಲ್ಲಿ ಇರಲಿ, ಕೂತು ಓದುವ ಪುಸ್ತಕ ಅಲ್ಲ. ಮನೆಯಲ್ಲಿ ಆರನೆಯದು ಇದ್ದರೆ ಹೊಸದಕ್ಕೆ ಓಡಬೇಕಾಗಿಲ್ಲ, ಮೂಲ ಸಿದ್ಧಾಂತಗಳು ಅವೇ. ಮೆಕ್‌ಕೂಂಬ್ಸ್ ಮತ್ತು ಶಾ ಇಬ್ಬರೂ ಸೇರಿ 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನ 100 ಮತದಾರರನ್ನು ಕೇಳಿ ಕಂಡುಕೊಂಡ ಅಜೆಂಡಾ ಸೆಟ್ಟಿಂಗ್ (ಮಾಧ್ಯಮ ಯಾವುದನ್ನು ದೊಡ್ಡದು ಮಾಡುತ್ತದೋ ಜನರಿಗೂ ಅದೇ ದೊಡ್ಡ ವಿಷಯ ಅನ್ನಿಸುತ್ತದೆ ಅನ್ನುವ ಸಿದ್ಧಾಂತ) ಯಾವ ಆವೃತ್ತಿಯಲ್ಲೂ ಬದಲಾಗಲ್ಲ! ಇನ್ನು ಹ್ಯಾಂಡ್‌ಬುಕ್, ಕಂಪ್ಯಾನಿಯನ್ ಅಂತ ಬರುವ, ಮೂವತ್ತು ನಲವತ್ತು ಜನ ಒಂದೊಂದು ಅಧ್ಯಾಯ ಬರೆದ ಸಂಕಲನಗಳನ್ನು ದಯವಿಟ್ಟು ಕೊಳ್ಳಬೇಡಿ. ಅವು ಲೈಬ್ರರಿಗಾಗಿಯೇ ಮಾಡಿದ ಗಟ್ಟಿ ರಟ್ಟಿನ ಸಾಮಾನು. ನಿಮಗೆ ಬೇಕಾಗಿರುವುದು ಎರಡೋ ಮೂರೋ ಅಧ್ಯಾಯ. ಎಷ್ಟೋ ಸಲ ಬರೆದವರೇ ತಮ್ಮ ಅಧ್ಯಾಯದ ಕರಡನ್ನು ಯೂನಿವರ್ಸಿಟಿಯ ಪುಟದಲ್ಲಿ ಇಟ್ಟಿರುತ್ತಾರೆ, ಇಲ್ಲದಿದ್ದರೆ ಒಂದು ಮೇಲ್ ಹಾಕಿ ಕೇಳಿದರೆ ಖುಷಿಯಿಂದ ಕಳಿಸುತ್ತಾರೆ. ತಮ್ಮ ಬರಹ ಓದುವವರು ಸಿಕ್ಕರೆ ಅವರಿಗೂ ಅಪರೂಪವೇ. ಮುಕ್ತವಾಗಿ ಸಿಗುವ ಒಳ್ಳೇ ಪುಸ್ತಕಗಳೂ ಇವೆ. ಬೆಂಕ್ಲರ್, ಫ್ಯಾರಿಸ್, ರಾಬರ್ಟ್ಸ್ ಬರೆದ ‘ನೆಟ್‌ವರ್ಕ್ ಪ್ರಾಪಗ್ಯಾಂಡಾ’ (ಆಕ್ಸ್‌ಫರ್ಡ್, 2018) ಹಾಗೆ ನನಗೆ ಪುಕ್ಕಟೆ ಸಿಕ್ಕಿದ್ದು. ಅಮೆರಿಕದ ಬಲಪಂಥೀಯ ಮಾಧ್ಯಮಗಳ ಬಗ್ಗೆ ಭಾರೀ ಲೆಕ್ಕಾಚಾರದ ಪುಸ್ತಕ, ತಾಳ್ಮೆ ಬೇಕು.

ಸಾಮಾನಿನ ಬಗ್ಗೆ ಎರಡು ದೂರು. ಒಂದು ಇ-ಪುಸ್ತಕ. ಕೊಂಡೆ ಅಂದುಕೊಂಡಿದ್ದೆ, ನೋಡಿದರೆ ಅದು ಒಂದು ಅವಧಿಯ ಬಾಡಿಗೆ. ಅವಧಿ ಮುಗಿದ ಬೆಳಿಗ್ಗೆ ಪುಸ್ತಕದ ಜೊತೆ ನಾನು ಎರಡು ತಿಂಗಳು ಗೀಟು ಹಾಕಿ ಬರೆದಿಟ್ಟ ಟಿಪ್ಪಣಿಗಳೂ ಮಾಯ. ಸಣ್ಣ ಅಕ್ಷರದಲ್ಲಿ ಬರೆದಿದ್ದರಂತೆ, ನಾನು ಓದಿರಲಿಲ್ಲ. ಇ-ಪುಸ್ತಕದಲ್ಲಿ ಪುಟಸಂಖ್ಯೆ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಪ್ರಬಂಧ ಬರೆಯುವಾಗ ಯಾವ ಪುಟ ಅಂತ ಹೇಳಲಾಗದೆ ಪರದಾಡುತ್ತೀರಿ.

ಎರಡನೆಯದು ಅಚ್ಚಿನದು. ಆರ್ಡರ್ ಬಂದಾಗ ಮಾತ್ರ ಒಂದೊಂದೇ ಪ್ರತಿ ಅಚ್ಚು ಹಾಕುವ ಪದ್ಧತಿ ಈಗ ಜಾಸ್ತಿ. ನನಗೆ ಬಂದ ಒಂದರಲ್ಲಿ ಬೆನ್ನಿನ ಅಂಟು ಎರಡನೇ ವಾರಕ್ಕೇ ಬಿಟ್ಟಿತು. ಅದು ಹೋಗಲಿ, ಚಿತ್ರಗಳೆಲ್ಲ ಕಪ್ಪು ಬಿಳುಪು, ಕೆಳಗೆ ವಿವರಣೆಯಲ್ಲಿ ಮಾತ್ರ ಕೆಂಪು ಗೆರೆ ಪತ್ರಿಕೆ, ನೀಲಿ ಗೆರೆ ಟಿವಿ, ಹಸಿರು ಗೆರೆ ಆನ್‌ಲೈನ್ ಅಂತ ಹಾಗೇ ಉಳಿದಿದೆ. ಮೂರೂ ಗೆರೆ ಒಂದೇ ಬೂದಿ ಬಣ್ಣ. ನಾನು ಮಕ್ಕಳ ಬಣ್ಣದ ಪೆನ್ಸಿಲ್ ತಗೊಂಡು, ಇಳಿಯುತ್ತಿರುವುದು ಪತ್ರಿಕೆಯೇ ಇರಬೇಕು ಅಂತ ಅಂದಾಜಿನ ಮೇಲೆ ಕೆಂಪು ಹಚ್ಚಿದೆ. ಆಮೇಲೆ ಲೈಬ್ರರಿಯ ಬಣ್ಣದ ಪ್ರತಿ ನೋಡಿದರೆ ಅದು ಟಿವಿ.