ಚಪ್ಪಟೆ ನೆತ್ತಿಯ ಭೂರೂಪಗಳ ಮಾದರಿಗಳು: ಕಡಲಿನದು ಉತ್ತಮ, ನೆಲದವು ಸಾಧಾರಣ

ಧಾರವಾಡದ ನಮ್ಮ ಪದವಿಪೂರ್ವ ಕಾಲೇಜಿನ ಭೂಗೋಳ ಪ್ರಯೋಗಾಲಯಕ್ಕೆ ಹುಬ್ಬಳ್ಳಿಯ ಶೈಕ್ಷಣಿಕ ಸಾಮಗ್ರಿಗಳ ಅಂಗಡಿಯೊಂದರಿಂದ ಈ ಫೈಬರ್ ಮಾದರಿಗಳನ್ನು ತರಿಸಿದೆವು. ಪ್ರಸ್ಥಭೂಮಿ, ಮೇಸಾ (ಕಡಿದಾದ ಅಂಚಿನ, ಅಗಲ ನೆತ್ತಿಯ ಗುಡ್ಡ), ಬ್ಯೂಟ್ (ಅಂಥದ್ದೇ, ಆದರೆ ಕಿರಿದಾದ ನೆತ್ತಿಯದು) ಮತ್ತು ಗಯಾಟ್ (ಕಡಲಡಿಯ ಚಪ್ಪಟೆ ನೆತ್ತಿಯ ಜ್ವಾಲಾಮುಖಿ ಬೆಟ್ಟ) ಹೀಗೆ ನಾಲ್ಕು ಮಾದರಿಗಳಿವೆ. ಬೆಲೆ ದುಬಾರಿಯಲ್ಲ, ವಿದ್ಯಾರ್ಥಿಗಳ ಕೈಯಿಂದ ಕೈಗೆ ದಾಟಿದರೂ ಬಣ್ಣ ಏಳಲಿಲ್ಲ.

ಗಯಾಟ್ ಮಾದರಿಯನ್ನು ಮನಸಾರೆ ಮೆಚ್ಚಲೇಬೇಕು. ಅದನ್ನು ನಡುವೆ ಸೀಳಿ ಒಳಗಿನ ಕಪ್ಪು ಲಾವಾ ಪದರಗಳು ಕಾಣುವಂತೆ ಮಾಡಿದ್ದಾರೆ. ನೆತ್ತಿಯ ಅಂಚಿನಲ್ಲಿ ದುಂಡನೆಯ ನುಣುಪು ಕಲ್ಲುಗಳಿವೆ, ಅವುಗಳ ಮೇಲೆ ತೆಳುವಾದ ಬಿಳಿ ಹವಳದ ಪದರವಿದೆ. ಇವೆರಡೂ ಅಲಂಕಾರಕ್ಕೆ ಇಟ್ಟವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ ತಮ್ಮ ಹಡಗಿನ ಪ್ರತಿಧ್ವನಿ ಮಾಪಕದಿಂದ (ಶಬ್ದದ ಮಾರ್ದನಿಯಿಂದ ಆಳ ಅಳೆಯುವ ಸಾಧನ) ಪೆಸಿಫಿಕ್ ತಳದಲ್ಲಿ ಇಂಥ ಚಪ್ಪಟೆ ನೆತ್ತಿಯ ಬೆಟ್ಟಗಳನ್ನು ಗುರುತಿಸಿ 1946ರಲ್ಲಿ ಪ್ರಕಟಿಸಿದರು. 1950ರ ಸಾಗರಯಾನವೊಂದರಲ್ಲಿ ಅಂಥ ನೆತ್ತಿಗಳನ್ನು ಕೆರೆದು ತೆಗೆದಾಗ ಸಿಕ್ಕಿದ್ದು ಅಲೆಗಳು ಉರುಳಿಸಿ ನುಣುಪಾಗಿಸಿದ ಕಲ್ಲುಗಳು ಮತ್ತು ಆಳವಿಲ್ಲದ ನೀರಿನಲ್ಲಿ ಮಾತ್ರ ಬದುಕುವ ಜೀವಿಗಳ ಪಳೆಯುಳಿಕೆಗಳು. ಒಂದು ಕಾಲಕ್ಕೆ ನೀರಿನಿಂದ ಮೇಲೆದ್ದಿದ್ದ ಜ್ವಾಲಾಮುಖಿಯ ತಲೆಯನ್ನು ಅಲೆಗಳು ಸವೆಸಿ ಸಮಗೊಳಿಸಿದವು, ಅದನ್ನು ಹೊತ್ತ ಸಾಗರ ಶಿಲಾಪದರ ತಣ್ಣಗಾಗುತ್ತ ತಗ್ಗಿದಂತೆ ಇಡೀ ಬೆಟ್ಟವೇ ಮುಳುಗಿತು ಎಂಬ ವಿವರಣೆಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ನನ್ನ ಕಣ್ಣಿಗೆ ಬಿದ್ದಿಲ್ಲ.

ನೆಲದ ಮಾದರಿಗಳಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಮೇಸಾದ ನೆತ್ತಿ ಚಪ್ಪಟೆಯಾಗಿ ಉಳಿಯುವುದು ಮೇಲಿನ ಗಟ್ಟಿ ಶಿಲೆಯ ಹೊದಿಕೆ ಕೆಳಗಿನ ಮೆದು ಪದರಗಳನ್ನು ಕಾಯುವುದರಿಂದ. ಮಹಾರಾಷ್ಟ್ರದ ಪಂಚಗನಿಯ ಟೇಬಲ್ ಲ್ಯಾಂಡ್‌ನಲ್ಲಿ ಬಸಾಲ್ಟ್ (ಲಾವಾ ಗಟ್ಟಿಯಾದ ಕಪ್ಪು ಶಿಲೆ) ಮೇಲಿನ ಜಂಬಿಟ್ಟಿಗೆ ಆ ಕೆಲಸ ಮಾಡಿದೆ. ತಯಾರಕರು ಬುಡದಿಂದ ನೆತ್ತಿಯವರೆಗೆ ಒಂದೇ ಕಂದು ಬಣ್ಣ ಬಳಿದಿದ್ದಾರೆ. ಗದಗಿನಿಂದ ಬಾದಾಮಿಗೆ ಹೋಗಿ ಕಡಿದಾದ ಮರಳುಗಲ್ಲಿನ ಬಂಡೆಗಳನ್ನು ಕಣ್ಣಾರೆ ಕಂಡು ಬಂದ ವಿದ್ಯಾರ್ಥಿ ಪದರಗಳ ಬಗ್ಗೆ ಕೇಳಿದರೆ ಬೆರಳಿಟ್ಟು ತೋರಿಸಲು ಇದರಲ್ಲಿ ಏನೂ ಇಲ್ಲ. ಎತ್ತರಕ್ಕಿಂತ ನೆತ್ತಿಯ ಅಗಲ ಹೆಚ್ಚಿದ್ದರೆ ಮೇಸಾ, ಕಡಿಮೆಯಿದ್ದರೆ ಬ್ಯೂಟ್ ಎಂಬುದು ಸಾಮಾನ್ಯ ಲೆಕ್ಕ. ಇಲ್ಲಿ ಎರಡನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಎರಕ ಹೊಯ್ದಿದ್ದಾರೆ. ಪ್ರಸ್ಥಭೂಮಿಯ ಮಾದರಿ ತಕ್ಕಮಟ್ಟಿಗಿದೆ.

ಇನ್ನೊಂದು ಕೊರತೆ ನಾಲ್ಕಕ್ಕೂ ಅನ್ವಯಿಸುತ್ತದೆ. ಎತ್ತರವನ್ನು ಅಗಲಕ್ಕಿಂತ ಎಷ್ಟು ಪಟ್ಟು ಹಿಗ್ಗಿಸಿದ್ದಾರೆಂದು ಎಲ್ಲಿಯೂ ನಮೂದಿಸಿಲ್ಲ. ಗಯಾಟ್‌ನ ಇಳಿಜಾರು ನಿಜದಲ್ಲಿ ಸಾಕಷ್ಟು ನಿಧಾನವಾದದ್ದು, ಮಾದರಿಯಲ್ಲಿ ಗೋಡೆಯಂತಿದೆ. ಭೂಗೋಳದ ಮಾದರಿಯಲ್ಲಿ ಈ ಒಂದು ಸಾಲಿಲ್ಲದಿದ್ದರೆ ಮಕ್ಕಳ ಮನಸ್ಸಿನಲ್ಲಿ ತಪ್ಪು ಚಿತ್ರ ಕೂತುಬಿಡುತ್ತದೆ. ಜೊತೆಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರವಿದೆ, ಅದರ ಉದಾಹರಣೆಗಳೆಲ್ಲ ಅಮೆರಿಕದವು. ನಮ್ಮ ಪಶ್ಚಿಮಕ್ಕಿರುವ ಅರಬ್ಬೀ ಸಮುದ್ರದ ಲಕ್ಷ್ಮಿ ಬೇಸಿನ್ ಎಂಬ ಕಡಲಡಿಯ ತಗ್ಗಿನಲ್ಲೇ ಭೂವಿಜ್ಞಾನಿ ಡಿ. ಎನ್. ವಾಡಿಯಾ ಅವರ ಹೆಸರಿನ ಗಯಾಟ್ ಇರುವಾಗ ಅದರ ಉಲ್ಲೇಖ ಇರಲೇಬೇಕಿತ್ತು. ನಾವು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿಕೊಂಡಿದ್ದೇವೆ.

ಅಂಗಡಿಯವರ ನಡವಳಿಕೆ ಚೆನ್ನಾಗಿತ್ತು. ಮೂಲೆ ಮುರಿದು ಬಂದಿದ್ದ ಬ್ಯೂಟ್ ಮಾದರಿಯನ್ನು ತಕರಾರಿಲ್ಲದೆ ಬದಲಿಸಿಕೊಟ್ಟರು. ಬಿಡಿಬಿಡಿಯಾಗಿಯೂ ಮಾರುತ್ತಾರೆ; ಅನುದಾನ ಕಡಿಮೆಯಿರುವ ಶಾಲೆಗಳು ಗಯಾಟ್ ಒಂದನ್ನೇ ಕೊಂಡು, ಮೇಸಾವನ್ನು ಎರಡು ಬಣ್ಣದ ಜೇಡಿಮಣ್ಣಿನಲ್ಲಿ ಮಕ್ಕಳಿಂದಲೇ ಮಾಡಿಸಬಹುದು.